‘ಕರೆಂಟ್ ಬಿಲ್’ಗೆ ಹೆಸರಿಡಲು ಹೋಗಿ

ಅಣ್ಣನ ಮಗಳು ಕನ್ನಡ ಮೀಡಿಯಂ, ಒಂಬತ್ತನೇ ಕ್ಲಾಸು. ರಜೆಯಲ್ಲಿ ಅವಳಿಗೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಸಲು ಕೂತೆ. ಮನೆ ಖರ್ಚಿನ ಲೆಕ್ಕ ಇಡುವ ಪುಟ್ಟ ಪ್ರೋಗ್ರಾಂ. ಮೊದಲ ದಿನವೇ ಕೇಳಿದಳು: “ಚಿಕ್ಕಪ್ಪ, ವೇರಿಯಬಲ್ ಹೆಸರು ಇಂಗ್ಲಿಷಲ್ಲೇ ಇರಬೇಕಾ?”

ವೇರಿಯಬಲ್ ಅಂದರೆ ಪ್ರೋಗ್ರಾಮಿನಲ್ಲಿ ಒಂದು ಬೆಲೆಯನ್ನು ಇಟ್ಟುಕೊಳ್ಳುವ, ಹೆಸರಿರುವ ಡಬ್ಬಿ. ಇಷ್ಟು ವರ್ಷ ಜಾವಾ ಅನ್ನೋ ಇನ್ನೊಂದು ಭಾಷೆಯಲ್ಲಿ ಕೋಡ್ ಬರೆದ ನನಗೆ ಈ ಪ್ರಶ್ನೆ ಹುಟ್ಟಿಯೇ ಇರಲಿಲ್ಲ. ಇರಬೇಕಿಲ್ಲ. 2008ರಲ್ಲಿ ಬಂದ ಪೈಥಾನ್ 3ರಿಂದ ಕನ್ನಡ ಅಕ್ಷರವೂ ನಡೆಯುತ್ತದೆ. ಅಂಕಿಯಿಂದ ಶುರುವಾಗಬಾರದು, ನಡುವೆ ಜಾಗ ಬಿಡಬಾರದು.

‘ಬಾಡಿಗೆ’, ‘ಹಾಲು’, ‘ತರಕಾರಿ’ ಸಲೀಸಾಗಿ ಓಡಿದವು. ‘ಕರೆಂಟ್‌ಬಿಲ್’ ಅಂತ ಬರೆದಾಗ ಸಿಂಟ್ಯಾಕ್ಸ್ ಎರರ್, ಅಂದರೆ ಬರೆದದ್ದು ಭಾಷೆಯ ನಿಯಮಕ್ಕೆ ಒಪ್ಪಲ್ಲ ಅಂತ! ಯು+200ಸಿ ಅನ್ನೋ ಯೂನಿಕೋಡ್ ಸಂಕೇತದ ಅಕ್ಷರ ಇದೆಯಂತೆ. ಎಲ್ಲಿ? ಎಷ್ಟು ನೋಡಿದರೂ ಕಾಣದು. ಕೊನೆಗೆ ಹೊಳೆಯಿತು. ‘ಟ್’ ಕೆಳಗೆ ‘ಬಿ’ ಒತ್ತಾಗಿ ಕೂರದಿರಲಿ ಅಂತ ಟೈಪ್ ಮಾಡುವಾಗ ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವಲ್ಲ, ಅದೇ ಇದು. ಹೆಸರಿನೊಳಗೆ ಅದನ್ನು ಜಾವಾಸ್ಕ್ರಿಪ್ಟ್ ಭಾಷೆ ಬಿಟ್ಟುಕೊಳ್ಳುತ್ತದೆ, ಪೈಥಾನ್ ಬಿಟ್ಟುಕೊಳ್ಳುವುದಿಲ್ಲ.

‘ಕರೆಂಟ್_ಬಿಲ್’ ಅಂದೆವು. ಒತ್ತೂ ಇಲ್ಲ, ಎರರೂ ಇಲ್ಲ. ಪೈಥಾನ್ ಕೋಡಿನ ಶೈಲಿಯ ಕೈಪಿಡಿ ಪೆಪ್ 8 ಹೇಳುವುದೂ ಈ ಅಡಿಗೆರೆಯನ್ನೇ, ಅಂದರೆ ಅಂಡರ್‌ಸ್ಕೋರನ್ನೇ. ನನ್ನ ಕೈ ಪದಗಳನ್ನು ಅಂಟಿಸಿ ಮುಂದಿನ ಪದವನ್ನು ದೊಡ್ಡಕ್ಷರದಿಂದ (ಕ್ಯಾಪಿಟಲ್) ಶುರುಮಾಡುವ ಜಾವಾದ ಕ್ಯಾಮೆಲ್ ಕೇಸ್‌ಗೆ ಒಗ್ಗಿದೆ ನಿಜ, ಆದರೆ ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿಂದ ತರೋದು?

ಅದೇ ಕುತೂಹಲಕ್ಕೆ ಗೋ ಭಾಷೆಯನ್ನೂ ನೋಡಿದೆ. ಅಲ್ಲಿ ಇನ್ನೂ ಪೇಚು. ಪ್ಯಾಕೇಜಿನ, ಅಂದರೆ ಒಟ್ಟಿಗೆ ಇಟ್ಟ ಕೋಡಿನ ಕಟ್ಟಿನ, ಹೊರಗೆ ಕಾಣಬೇಕಾದ ಹೆಸರು ದೊಡ್ಡಕ್ಷರದಿಂದಲೇ ಶುರುವಾಗಬೇಕು. ಸಾಲದ್ದಕ್ಕೆ, ನಮ್ಮ ಕಾಗುಣಿತದ ಚಿಹ್ನೆಗಳನ್ನು ಅದು ಅಕ್ಷರ ಅಂತಲೇ ಲೆಕ್ಕಕ್ಕಿಡಲ್ಲ. ‘ಹಣ’ ನಡೆಯುತ್ತದೆ, ‘ಬಾಡಿಗೆ’ ನಡೆಯಲ್ಲ.

ಫಂಕ್ಷನ್, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಣುಕು, ಅದರ ಹೆಸರಲ್ಲಿ ಪಾಠ ಆಗಿದ್ದು ನನಗೆ. ಹಳೇ ಚಾಳಿಯಂತೆ ಕೆಲಸದ ಪದ ಮುಂದೆ ಹಾಕಿ ‘ಕೂಡಿಸು_ಬಾಡಿಗೆ’ ಅಂತ ಬರೆದೆ. “ಹೀಗೆ ಯಾರು ಮಾತಾಡ್ತಾರೆ?” ಅಂತ ನಕ್ಕಳು. ‘ಬಾಡಿಗೆ_ಕೂಡಿಸು’, ‘ಬಾಡಿಗೆ_ತೋರಿಸು’ ಅಂತ ತಿರುಗಿಸಿದೆವು. ಈಗ ಎಡಿಟರಿನಲ್ಲಿ ‘ಬಾಡಿಗೆ’ ಅಂತ ಹೊಡೆದರೆ ಸಾಕು, ಅದರ ಫಂಕ್ಷನ್ ಎಲ್ಲಾ ಒಟ್ಟಿಗೆ ಬಂದು ನಿಲ್ಲುತ್ತವೆ. ಕ್ರಿಯಾಪದ ಕೊನೆಗೆ ಬರುವುದರಿಂದ ಸಿಕ್ಕ ಬಿಟ್ಟಿ ಲಾಭ.

ಆಫೀಸಿನಲ್ಲಿ ನಾನು ಈಗಲೂ ಇಂಗ್ಲಿಷಲ್ಲೇ ಹೆಸರಿಡುತ್ತೇನೆ. ನಮ್ಮ ಟೀಮಿನಲ್ಲಿ ಕನ್ನಡ ಓದಲು ಬಾರದವರೇ ಜಾಸ್ತಿ.

ಮೊನ್ನೆ ಅವಳ ಕೋಡ್ ನೋಡಿದೆ. ಒಂದೇ ಕೆಲಸವನ್ನು ಹನ್ನೆರಡು ಸಲ ಮಾಡಿಸುವ ಒಂದು ಲೂಪು. ಸುತ್ತು ಎಣಿಸುವ ಅದರ ವೇರಿಯಬಲ್ ಒಳಗೆಲ್ಲೂ ಬಳಕೆಯಾಗಿಲ್ಲ. ನಾನಾಗಿದ್ದರೆ, ಇದು ಬಳಕೆಗಲ್ಲ ಅಂತ ತಿಳಿಸಲು, ಅದಕ್ಕೆ ಒಂಟಿ ಅಂಡರ್‌ಸ್ಕೋರ್ ಇಡುತ್ತಿದ್ದೆ. ಅವಳು ‘ಸುಮ್ನೆ’ ಅಂತ ಹೆಸರಿಟ್ಟಿದ್ದಾಳೆ.