ಅವುಡುಗಚ್ಚುವ ಅಭ್ಯಾಸ ಬಿಡಿಸಿಕೊಂಡ ಬಗೆ: ನನ್ನ ಅನುಭವ

ಬಲಗಿವಿ ನೋವು ಅಂತ ನಾನು ಮೊದಲು ಹೋಗಿದ್ದು ಕಿವಿಯ ಡಾಕ್ಟರ ಹತ್ತಿರ. ಮೂರು ವಾರದಿಂದ ಬೆಳಗ್ಗೆ ಎದ್ದ ಕೂಡಲೇ ಕಿವಿಯೊಳಗೆ ಒಂಥರಾ ಮಂದ ನೋವು. ಹಣೆಯ ಎರಡೂ ಪಕ್ಕ ಯಾರೋ ಪಟ್ಟಿ ಕಟ್ಟಿದ ಹಾಗೆ ಬಿಗಿತ. ಹತ್ತು ಗಂಟೆ ಹೊತ್ತಿಗೆ ತಾನಾಗಿಯೇ ಕಡಿಮೆಯಾಗುತ್ತಿತ್ತು. ಡಾಕ್ಟರು ದೀಪ ಹಿಡಿದು ನೋಡಿ, ಕಿವಿ ಚೆನ್ನಾಗಿದೆ ಅಂದರು. ಆಮೇಲೆ ನನ್ನ ಕಿವಿಯ ಮುಂದೆ ಎರಡು ಬೆರಳಿಟ್ಟು, ‘ನಿಧಾನಕ್ಕೆ ಬಾಯಿ ತೆಗೆದು ಮುಚ್ಚಿ’ ಅಂದರು. ತೆಗೆದೆ. ಅವರ ಬೆರಳ ಕೆಳಗೆ ‘ಟಕ್’ ಅಂತು. ನೋವು ಇದ್ದದ್ದು ಸರಿಯಾಗಿ ಅಲ್ಲೇ.

‘ನೀವು ಹಲ್ಲಿನ ಡಾಕ್ಟರಿಗೆ ತೋರಿಸಬೇಕು’ ಅಂದರು.

ಆ ವಾರವೇ ತಂಗಿ ಬಂದು ನನ್ನ ಕೋಣೆಯಲ್ಲಿ ಮಲಗಿದ್ದಳು. ಬೆಳಗ್ಗೆ ಎದ್ದವಳೇ ಕೇಳಿದಳು: ‘ಅಕ್ಕಾ, ರಾತ್ರಿಯೆಲ್ಲ ಕರಕರ ಅಂತ ಹಲ್ಲು ಕಡೀತಿದ್ದೆಯಲ್ಲ, ಏನಾಗಿದೆ ನಿಂಗೆ?’ ನನಗೆ ಏನೂ ಗೊತ್ತಿರಲಿಲ್ಲ. ಹಲ್ಲು ಕಡಿಯುವವರಿಗೆ ಆ ಸದ್ದು ಕೇಳಿಸುವುದೇ ಇಲ್ಲ. ಪಕ್ಕದಲ್ಲಿ ಮಲಗಿದವರು ಹೇಳಬೇಕು. ದವಡೆಯನ್ನು ಸುಮ್ನೆ ಬಿಗಿಹಿಡಿದು ಮಲಗುವವರ ವಿಷಯದಲ್ಲಂತೂ ಅದೂ ಇಲ್ಲ, ಯಾಕೆಂದರೆ ಸದ್ದೇ ಬರುವುದಿಲ್ಲ.

ಹಲ್ಲಿನ ಡಾಕ್ಟರು ಚಿಕ್ಕ ಕನ್ನಡಿಯನ್ನು ನನ್ನ ಕೈಗೆ ಕೊಟ್ಟು ಒಂದೊಂದೇ ಗುರುತು ತೋರಿಸಿದರು. ಕೋರೆಹಲ್ಲಿನ ತುದಿ ಚೂಪಾಗಿರಬೇಕಿತ್ತು, ಚಪ್ಪಟೆಯಾಗಿತ್ತು. ಕೆನ್ನೆಯ ಒಳಗೆ, ಹಲ್ಲು ಸೇರುವ ಎತ್ತರಕ್ಕೆ, ಒಂದು ಬಿಳಿ ಗೆರೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು. ಕೆಳಗಿನ ದವಡೆ ಹಲ್ಲೊಂದರಲ್ಲಿ ಹಳೆಯ ಫಿಲ್ಲಿಂಗಿನ ಅಂಚು ಮುರಿದಿತ್ತು. ‘ಬ್ರಕ್ಸಿಸಂ’ ಅಂದರು. ಆ ಹೆಸರು ಹಲ್ಲು ಕಡಿಯುವುದಕ್ಕೂ ಸಲ್ಲುತ್ತದೆ, ಅವುಡುಗಚ್ಚಿ ಹಿಡಿಯುವುದಕ್ಕೂ ಸಲ್ಲುತ್ತದೆ. ಕಿವಿ ಯಾಕೆ ನೋಯುತ್ತದೆ ಅಂತ ಕೇಳಿದೆ. ದವಡೆಯ ಕೀಲು ಕಿವಿಯ ರಂಧ್ರದ ಮುಂದೆಯೇ ಇದೆ, ಅಲ್ಲಿನ ನೋವು ಕಿವಿಯದೇ ಅನಿಸುತ್ತದೆ ಅಂದರು.

ರಾತ್ರಿ ಏನು ನಡೆಯುತ್ತದೆ ಅಂತ ತಿಳಿದುಕೊಂಡ ಮೇಲೆ ನನ್ನ ಭಯ ಅರ್ಧ ಇಳಿಯಿತು. ನಾವು ಒಂದೇ ಸಮನೆ ನಿದ್ದೆ ಮಾಡುವುದಿಲ್ಲ. ಕೆಲವು ಸೆಕೆಂಡುಗಳ ಮಟ್ಟಿಗೆ ಮಿದುಳು ಎಚ್ಚರದ ಕಡೆಗೆ ಬಂದು ಮತ್ತೆ ಮುಳುಗುತ್ತದೆ. ನಮಗೆ ನೆನಪೂ ಇರುವುದಿಲ್ಲ. ಎಲ್ಲರಿಗೂ ಇದು ರಾತ್ರಿಯಲ್ಲಿ ಎಷ್ಟೋ ಸಲ ಆಗುತ್ತದೆ. ಹಲ್ಲು ಕಡಿಯುವವರಲ್ಲಿ ಆ ಹೊತ್ತಿಗೆ ಮೊದಲು ಎದೆಬಡಿತ ಏರುತ್ತದೆ, ಅದರ ಬೆನ್ನಿಗೇ ದವಡೆಯ ಸ್ನಾಯುಗಳು ಲಯವಾಗಿ ಬಿಗಿಯುತ್ತವೆ. ಹೆಚ್ಚಾಗಿ ಹಗುರ ನಿದ್ದೆಯಲ್ಲೇ. ಅಂದರೆ ಇದು ಮಿದುಳಿನಿಂದ ಶುರುವಾಗುವ ವಿಷಯ. ಹಲ್ಲುಗಳು ಸರಿಯಾಗಿ ಕೂಡದೆ ಇರುವುದೇ ಕಾರಣ ಅಂತ ಹಿಂದೆ ಬಲವಾಗಿ ನಂಬಿದ್ದರು. ಈಗ ಆ ನಂಬಿಕೆ ಬಹಳ ಸಡಿಲವಾಗಿದೆ.

ಇದನ್ನು ಬರೆಯಲು ಕಾರಣವಿದೆ. ನಾನು ತೋರಿಸಿದ ಇನ್ನೊಬ್ಬ ವೈದ್ಯರು, ಹಲ್ಲುಗಳ ಎತ್ತರ ಸ್ವಲ್ಪ ಉಜ್ಜಿ ಸರಿ ಮಾಡೋಣ ಅಂದಿದ್ದರು. ನಾನು ಒಪ್ಪಲಿಲ್ಲ. ಉಜ್ಜಿ ತೆಗೆದ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಮತ್ತೆ ಬೆಳೆಯುವುದಿಲ್ಲ. ಹಲ್ಲು ಕಡಿಯುವುದನ್ನು ನಿಲ್ಲಿಸಲು ಅಂತ ಯಾರಾದರೂ ಹಲ್ಲನ್ನು ಹೀಗೆ ಉಜ್ಜಿ ಸವೆಸುವ ಮಾತಾಡಿದರೆ, ದಯವಿಟ್ಟು ಇನ್ನೊಬ್ಬ ವೈದ್ಯರನ್ನು ಕೇಳಿ ಆಮೇಲೆ ತೀರ್ಮಾನ ಮಾಡಿ.

ನಾನು ಮಾಡಿದ ಮೊದಲ ತಪ್ಪು, ಎಲ್ಲವನ್ನೂ ರಾತ್ರಿಯ ಮೇಲೆ ಹಾಕಿದ್ದು. ಅಂಗಡಿಯಲ್ಲಿ ಸಿಗುವ ಮೆತ್ತನೆಯ ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ, ತಂದೆ. ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಅಚ್ಚು ಮಾಡಿಕೊಳ್ಳುವಂಥದ್ದು. ಮೆತ್ತಗಿತ್ತಲ್ಲ, ರಾತ್ರಿಯಿಡೀ ಅದನ್ನೇ ಅಗಿದೆ ಅಂತ ಕಾಣುತ್ತದೆ. ಬೆಳಗ್ಗೆ ದವಡೆ ಮೊದಲಿಗಿಂತ ಜಾಸ್ತಿ ದಣಿದಿರುತ್ತಿತ್ತು. ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಿಗೆ ಆಗುತ್ತದಂತೆ. ನನಗೆ ಆಯಿತು.

ಹಲ್ಲಿನ ಡಾಕ್ಟರು ಆಮೇಲೆ ಕೇಳಿದ ಒಂದು ಪ್ರಶ್ನೆ ಎಲ್ಲವನ್ನೂ ಬದಲಿಸಿತು. ‘ಈಗ, ನನ್ನ ಮಾತು ಕೇಳುತ್ತ ಕೂತಿದ್ದೀರಲ್ಲ, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿದೆಯಾ?’ ತಾಗಿತ್ತು. ಗಟ್ಟಿಯಾಗಿ. ಎಲ್ಲರದೂ ಹಾಗೇ ಇರುತ್ತದೆ ಅಲ್ವಾ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ಸುಮ್ಮನಿರುವಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಜಾಗ ಇರಬೇಕು. ಅಗಿಯುವಾಗ, ನುಂಗುವಾಗ ಮಾತ್ರ ಹಲ್ಲು ಕೂಡುವುದು. ಇಡೀ ದಿನದಲ್ಲಿ ಅವೆಲ್ಲ ಸೇರಿಸಿದರೂ ಸುಮಾರು 20 ನಿಮಿಷ. ನಾನೋ, ಎಚ್ಚರವಿದ್ದಷ್ಟು ಹೊತ್ತೂ ಕೂಡಿಸಿಕೊಂಡೇ ಇದ್ದೆ.

ನನ್ನದು ಕರಡು ತಿದ್ದುವ ಕೆಲಸ. ದಿನಕ್ಕೆ ಏಳೆಂಟು ಗಂಟೆ ಅಕ್ಷರದ ಮೇಲೆ ಕಣ್ಣು ನೆಟ್ಟು ಕೂರಬೇಕು. ಫೋನಿನಲ್ಲಿ 40 ನಿಮಿಷಕ್ಕೊಮ್ಮೆ ಮೆಲ್ಲಗೆ ಸದ್ದಾಗುವ ಹಾಗೆ ಮಾಡಿಕೊಂಡೆ. ಸದ್ದಾದಾಗ ಒಂದೇ ಪ್ರಶ್ನೆ: ಹಲ್ಲು ತಾಗಿದೆಯಾ? ಹೌದಾದರೆ ಹಾಳೆಯ ಮೇಲೆ ಒಂದು ಗೀಟು, ಪಕ್ಕದಲ್ಲಿ ಆಗ ಏನು ಮಾಡುತ್ತಿದ್ದೆ ಅಂತ ಎರಡು ಪದ. ಮೊದಲ ದಿನ 12 ಸಲ ಸದ್ದಾಯಿತು. 9 ಗೀಟು ಬಿದ್ದವು. ಹಾಳೆ ನೋಡಿ ನಿಜವಾಗಿಯೂ ದುಃಖವಾಯಿತು. ಈ ದವಡೆ ಎಷ್ಟು ವರ್ಷದಿಂದ ಹೀಗೆ ದುಡಿಯುತ್ತಿದೆಯೋ ಅನಿಸಿತು.

ಒಂದು ವಾರದ ಹಾಳೆ ಓದಿದಾಗ ನಾನು ಊಹಿಸಿರದ ಸಂಗತಿಗಳು ಕಂಡವು. ಜಗಳ, ಚಿಂತೆ ಇರುವಾಗ ಅವುಡುಗಚ್ಚುತ್ತೇನೆ ಅಂದುಕೊಂಡಿದ್ದೆ. ಅದೂ ಇತ್ತು. ಆದರೆ ಜಾಸ್ತಿ ಗೀಟು ಬಿದ್ದದ್ದು ತಪ್ಪು ಇದೆಯೋ ಇಲ್ಲವೋ ಅಂತ ಅನುಮಾನ ಬಂದ ಸಾಲನ್ನು ಎರಡನೇ ಸಲ ಓದುವಾಗ. ಪಾತ್ರೆ ತಿಕ್ಕುವಾಗ. ಸೂಜಿಗೆ ದಾರ ಪೋಣಿಸುವಾಗ. ಕೈ ಅಥವಾ ಕಣ್ಣು ನಾಜೂಕಾಗಿ ಏನಾದರೂ ಮಾಡುವಾಗಲೆಲ್ಲ ದವಡೆ ಜೊತೆಗೆ ಬಿಗಿಯುತ್ತಿತ್ತು. ಅದು ಕೋಪವಲ್ಲ, ಗಮನ. ಇದು ಗೊತ್ತಾದ ಮೇಲೆ ‘ನೀನು ಟೆನ್ಷನ್ ಬಿಡು, ಸರಿಹೋಗುತ್ತೆ’ ಅನ್ನುವವರ ಮಾತು ಯಾಕೆ ನನಗೆ ಸಾಲುತ್ತಿರಲಿಲ್ಲ ಅಂತ ತಿಳಿಯಿತು. ಒತ್ತಡ, ಆತಂಕ ಇದನ್ನು ಹೆಚ್ಚಿಸುವುದು ನಿಜ. ಆದರೆ ನೆಮ್ಮದಿಯಾಗಿ ಕೂತು ದಾರ ಪೋಣಿಸುವಾಗಲೂ ನನ್ನ ಹಲ್ಲು ಕೂಡುತ್ತಿತ್ತು.

ಬಿಡಿಸುವುದು ಹೇಗೆ? ‘ದವಡೆ ಸಡಿಲ ಬಿಡು’ ಅಂತ ಹೇಳಿಕೊಂಡರೆ ಬಿಡುತ್ತಿರಲಿಲ್ಲ. ಬಾಯಿ ತೆರೆದುಕೊಂಡು ಕೂರುತ್ತಿದ್ದೆ, ಅದೂ ಒಂದು ಥರದ ಬಿಗಿತವೇ. ನನಗೆ ದಾರಿ ತೋರಿಸಿದ್ದು ನಮ್ಮ ಅಕ್ಷರಗಳು. ನೀವೂ ಈಗಲೇ ಮಾಡಿ ನೋಡಿ. ‘ಅಮ್ಮ’ ಅಂತ ನಿಧಾನಕ್ಕೆ ಅನ್ನಿ. ‘ಮ್ಮ್’ ಅನ್ನುವಲ್ಲಿ ನಿಂತುಬಿಡಿ. ತುಟಿ ಕೂಡಿದೆ, ಹಲ್ಲು ಕೂಡಿಲ್ಲ. ಅದೇ ದವಡೆಗೆ ವಿಶ್ರಾಂತಿಯ ಜಾಗ. ಇನ್ನು ನಾಲಿಗೆ. ‘ನ’ ಅನ್ನಿ. ನಾಲಿಗೆಯ ತುದಿ ಮೇಲಿನ ಮುಂಬಲ್ಲಿನ ಹಿಂಬದಿಗೆ ತಾಗುತ್ತದೆ. ಅಲ್ಲಿಂದ ಚೂರು ಹಿಂದೆ ಸರಿಸಿದರೆ ವಸಡಿನ ಉಬ್ಬು ಸಿಗುತ್ತದೆ. ನಾಲಿಗೆಯನ್ನು ಅಲ್ಲಿ ಒತ್ತದೆ, ಸುಮ್ನೆ ಇಡಿ. ಮೂಗಿನಲ್ಲಿ ಉಸಿರು ಬಿಡಿ. ನಾಲಿಗೆ ಅಲ್ಲಿ ಕೂತಿರುವಾಗ ಹಲ್ಲು ಕಚ್ಚಬೇಕು ಅಂತ ಅನಿಸುವುದೇ ಕಡಿಮೆ.

ನನ್ನ ಭುಜಗಳೂ ಕಿವಿಯ ಹತ್ತಿರಕ್ಕೆ ಏರಿರುತ್ತಿದ್ದವು. ಅವುಗಳನ್ನೂ ಇಳಿಸಿದೆ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿಟ್ಟೆ.

ಮೂರನೇ ವಾರದಲ್ಲಿ ಹೊಸದೊಂದು ಆಯಿತು. ಫೋನ್ ಸದ್ದಾಗುವ ಮೊದಲೇ ಹಲ್ಲು ತಾಗಿದ್ದು ಗೊತ್ತಾಗತೊಡಗಿತು. ಅಲ್ಲಿಯವರೆಗೆ ತಾಗಿರುವುದು ಸಹಜ, ಬಿಟ್ಟಿರುವುದು ವಿಚಿತ್ರ ಅನಿಸುತ್ತಿತ್ತು. ಈಗ ಉಲ್ಟಾ ಆಯಿತು. ಎರಡು ತಿಂಗಳ ಹೊತ್ತಿಗೆ 12ರಲ್ಲಿ 3 ಗೀಟು. ಬೆಳಗಿನ ತಲೆನೋವು ವಾರಕ್ಕೆ ಒಂದೋ ಎರಡೋ ಸಲಕ್ಕೆ ಇಳಿದಿತ್ತು.

ನೋವಿಗೆ ಅಂತ ಮಾಡಿದ್ದು ಬೇರೆ. ಕೆನ್ನೆಯ ಮೇಲೆ ಬೆರಳಿಟ್ಟು ಒಂದು ಸಲ ಹಲ್ಲು ಕಚ್ಚಿ. ಕೆನ್ನೆಮೂಳೆಗೂ ದವಡೆಯ ಮೂಲೆಗೂ ನಡುವೆ ಗಟ್ಟಿಯಾಗಿ ಒಂದು ಉಬ್ಬು ಏಳುತ್ತದೆ. ಅದೇ ಮ್ಯಾಸೆಟರ್ ಸ್ನಾಯು. ಕಿವಿಯ ಮೇಲೆ, ಹಣೆಯ ಪಕ್ಕದಲ್ಲಿ ಬೀಸಣಿಗೆಯಂತೆ ಹರಡಿದ ಇನ್ನೊಂದು ಸ್ನಾಯು ಇದೆ, ಟೆಂಪೊರಾಲಿಸ್. ನನ್ನ ಬೆಳಗಿನ ತಲೆನೋವು ಅದರದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು 10–15 ನಿಮಿಷ ಕೆನ್ನೆಗೆ ಇಟ್ಟುಕೊಳ್ಳುತ್ತಿದ್ದೆ. ಆಮೇಲೆ ಹಲ್ಲು ಒಂದಕ್ಕೊಂದು ತಾಗದ ಹಾಗೆ ಇಟ್ಟುಕೊಂಡು, ಮೂರು ಬೆರಳಿನಿಂದ ಮೇಲಿನಿಂದ ಕೆಳಕ್ಕೆ, ಸಣ್ಣ ಸುತ್ತುಗಳಲ್ಲಿ ನೀವುತ್ತಿದ್ದೆ. ಒಂದು ಕಡೆಗೆ ಎರಡು ನಿಮಿಷ ಸಾಕು. ಮೊದಲ ವಾರ ಬೇಗ ವಾಸಿಯಾಗಲಿ ಅಂತ ಜೋರಾಗಿ ಒತ್ತಿದೆ. ಮಾರನೇ ದಿನ ಕೆನ್ನೆ ಮುಟ್ಟಲಾಗದಷ್ಟು ನೋವು. ದಣಿದ ಸ್ನಾಯು ಅದು. ಹಿತವಾಗುವಷ್ಟೇ ಒತ್ತಬೇಕು.

ಫಿಸಿಯೋಥೆರಪಿಸ್ಟ್ ಒಂದು ವ್ಯಾಯಾಮ ಕಲಿಸಿದರು. ಚಿಲಿ ದೇಶದ ಫಿಸಿಯೋಥೆರಪಿಸ್ಟ್ ಮರಿಯಾನೊ ರೊಕಬಾಡೊ ಹೆಸರಿನಲ್ಲಿ ಬಳಕೆಯಲ್ಲಿರುವ ಆರು ವ್ಯಾಯಾಮಗಳಲ್ಲಿ ಒಂದು. ನಾಲಿಗೆಯನ್ನು ಅಂಗುಳಿಗೆ ಇಟ್ಟು, ಅದು ಅಲ್ಲಿಂದ ಬಿಡದಷ್ಟೇ ಬಾಯಿ ತೆಗೆದು ಮುಚ್ಚುವುದು. ಒಂದು ಸರದಿಗೆ 6 ಸಲ, ದಿನಕ್ಕೆ 6 ಸರದಿ. ಕನ್ನಡಿಯ ಮುಂದೆ ಮಾಡಿದಾಗ ನನ್ನ ದವಡೆ ಬಲಕ್ಕೆ ವಾಲಿ ತೆರೆಯುವುದು ಕಾಣುತ್ತಿತ್ತು. ನಾಲಿಗೆ ಮೇಲಿದ್ದರೆ ನೇರಕ್ಕೆ ತೆರೆಯುತ್ತಿತ್ತು, ‘ಟಕ್’ ಅನ್ನುವುದೂ ಇರಲಿಲ್ಲ. ನೋವು ಜೋರಿದ್ದ ದಿನಗಳಲ್ಲಿ ಮೆತ್ತನೆಯ ಊಟ. ಚೂಯಿಂಗ್ ಗಮ್ ಪೂರ್ತಿ ಬಿಟ್ಟೆ. ಪೆನ್ನಿನ ತುದಿ ಕಚ್ಚುವುದನ್ನು ಬಿಡಲು ಮಾತ್ರ ತುಂಬ ದಿನ ಬೇಕಾಯಿತು.

ಇನ್ನು ರಾತ್ರಿಯ ಮಾತು. ಡಾಕ್ಟರು ಅಚ್ಚು ತೆಗೆದು, ಮೇಲಿನ ಹಲ್ಲಿನ ಸಾಲನ್ನು ಪೂರ್ತಿ ಮುಚ್ಚುವ ಗಟ್ಟಿ ಅಕ್ರಿಲಿಕ್ ಗಾರ್ಡ್ ಮಾಡಿಸಿಕೊಟ್ಟರು. ಮೊದಲೇ ಹೇಳಿದ್ದರು, ಇದು ಹಲ್ಲು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲು ಸವೆಯುವ ಬದಲು ಇದು ಸವೆಯುತ್ತದೆ ಅಂತ. ಆ ಮಾತು ಕೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಗಾರ್ಡ್ ಮೇಲೆ ಗುರುತು ಕಂಡಾಗಲೆಲ್ಲ ಸೋತೆ ಅಂದುಕೊಳ್ಳುತ್ತಿದ್ದೆ. ಮೊದಲ ಮೂರು ರಾತ್ರಿ ಬಾಯಿ ತುಂಬ ಜೊಲ್ಲು. ಐದನೇ ರಾತ್ರಿಗೆ ಒಗ್ಗಿತು. ಒಂದು ವಾರದ ಮೇಲೆ ಮತ್ತೆ ಹೋಗಿ, ಎರಡೂ ಕಡೆ ಸಮನಾಗಿ ತಾಗುವ ಹಾಗೆ ಸರಿ ಮಾಡಿಸಿಕೊಂಡೆ. ಅದನ್ನು ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ. ಕೆಲವೇ ಹಲ್ಲು ಮುಚ್ಚುವ ಚಿಕ್ಕ ಗಾರ್ಡ್‌ಗಳೂ ಇವೆ. ಅವನ್ನು ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಉಳಿದ ಹಲ್ಲುಗಳು ಜಾಗ ಬದಲಿಸಿ, ಹಲ್ಲು ಕೂಡುವ ರೀತಿಯೇ ಬದಲಾಗಬಹುದು.

ಬೊಟಾಕ್ಸ್ ಇಂಜೆಕ್ಷನ್ ಬಗ್ಗೆಯೂ ಕೇಳಿದ್ದೆ. ಅದು ಸ್ನಾಯುವಿನ ಬಲ ತಗ್ಗಿಸುತ್ತದೆ, ಮಿದುಳಿನ ಸಂಜ್ಞೆಯನ್ನಲ್ಲ. ಕೆಲವು ತಿಂಗಳಿಗೆ ಪರಿಣಾಮ ಇಳಿಯುತ್ತದೆ. ನನ್ನ ನೋವಿಗೆ ಅದು ಬೇಕಾಗಲಿಲ್ಲ.

ಸಂಜೆಯ ಕಾಫಿ ಬಿಟ್ಟೆ. ಕೆಫೀನ್, ಮದ್ಯ, ಸಿಗರೇಟು ಮೂರಕ್ಕೂ ರಾತ್ರಿ ಹಲ್ಲು ಕಡಿಯುವುದಕ್ಕೂ ನಂಟಿದೆ. ಡಾಕ್ಟರು ನನ್ನನ್ನು ಇನ್ನೆರಡು ವಿಷಯ ಕೇಳಿದ್ದರು, ನೀವೂ ನಿಮ್ಮನ್ನು ಕೇಳಿಕೊಳ್ಳಿ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗಿ, ಹಗಲು ತೂಕಡಿಕೆ ಬರುತ್ತದೆಯಾ? ಹಾಗಿದ್ದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ, ಇದೆಯಾ ಅಂತ ಪರೀಕ್ಷೆ ಮೊದಲು ಆಗಬೇಕು. ಖಿನ್ನತೆಗೆ ಫ್ಲೂಆಕ್ಸೆಟಿನ್, ಸರ್ಟ್ರಾಲಿನ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಕೆಲವರಲ್ಲಿ ಅವುಗಳಿಂದ ದವಡೆ ಬಿಗಿಯುವುದು ಶುರುವಾಗುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ಹೇಳಿದರೆ ಅವರೇ ದಾರಿ ನೋಡುತ್ತಾರೆ. ಬಾಯಿ ತೆರೆಯಲಾಗದೆ ಸಿಕ್ಕಿಕೊಂಡರೆ, ಕಚ್ಚಿದಾಗ ಒಂದೇ ಹಲ್ಲಿನಲ್ಲಿ ಚುಳ್ ಅಂದರೆ, ಕೆನ್ನೆ ಊದಿದರೆ ಮನೆಯಲ್ಲಿ ನೀವುತ್ತ ಕೂರದೆ ತೋರಿಸಿಕೊಳ್ಳಬೇಕು. ಪುಟ್ಟ ಮಕ್ಕಳು ಕಡಿದರೆ ಅಷ್ಟು ಗಾಬರಿ ಬೇಡ, ಬೆಳೆಯುತ್ತ ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ. ಆದರೆ ಗೊರಕೆಯೂ ಜೊತೆಗಿದ್ದರೆ ವೈದ್ಯರಿಗೆ ಹೇಳಿ.

ಒಂದೂವರೆ ವರ್ಷವಾಯಿತು. ಕಿವಿನೋವು ಬಂದಿಲ್ಲ. ಪುಸ್ತಕವೊಂದು ಅಚ್ಚಿಗೆ ಹೋಗುವ ಹಿಂದಿನ ವಾರ ಮಾತ್ರ ಹಣೆಯ ಪಕ್ಕ ಬಿಗಿಯುತ್ತದೆ. ಆಗ ಫೋನಿನ ಸದ್ದನ್ನು ಮತ್ತೆ ಹಚ್ಚಿಕೊಳ್ಳುತ್ತೇನೆ, ರಾತ್ರಿ ಬಿಸಿಬಟ್ಟೆ ಇಟ್ಟುಕೊಂಡು ಮಲಗುತ್ತೇನೆ. ತಂಗಿ ಹೋದ ತಿಂಗಳು ಮತ್ತೆ ಬಂದಿದ್ದಳು. ಒಂದೇ ಒಂದು ಸಲ ಸದ್ದು ಕೇಳಿತು ಅಂದಳು. ಗಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಬಲಗಡೆಯ ಹಿಂಬದಿ ತೆಳುವಾಗಿರುವುದು ಕಾಣುತ್ತದೆ. ಮುಂದಿನ ಸಲ ಬಂದಾಗ ಅಳತೆ ತೆಗೆದು ಹೊಸದು ಮಾಡಿಸೋಣ ಅಂದಿದ್ದಾರೆ ಡಾಕ್ಟರು.