ಕಡಲತಡಿಯ ಇಗರ್ಜಿಯ ಚರಿತ್ರೆ: ನಾವು ಬರೆದ ಬಗೆ

ದಕ್ಷಿಣ ಕನ್ನಡದ ಹಳ್ಳಿ ಇಗರ್ಜಿಯ, ಅಂದರೆ ಚರ್ಚಿನ, ಚರಿತ್ರೆಗೆ ಕೈಹಾಕಿದವರು ಮೊದಲು ನಂಬುವುದು ಮುಂಬಾಗಿಲ ಮೇಲೆ ಕೆತ್ತಿದ ಇಸವಿಯನ್ನು. ನಾವು ಅದನ್ನು ಕೊನೆಗಿಟ್ಟುಕೊಂಡೆವು. ಎಷ್ಟೋ ಕಡೆ ಅದು ಈಗಿನ ಕಟ್ಟಡ ಎದ್ದ ವರ್ಷವಷ್ಟೇ. 1784ರಲ್ಲಿ ಟಿಪ್ಪು ಇಲ್ಲಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಅನೇಕ ಇಗರ್ಜಿಗಳು ನೆಲಸಮವಾದವು. 1799ರ ನಂತರ ಮರಳಿದವರು ಮತ್ತೆ ಕಟ್ಟಿದರು. ಆದ್ದರಿಂದ ಒಂದೇ ಊರಿಗೆ ಎರಡು ‘ಸ್ಥಾಪನೆ’ ಸಿಕ್ಕರೆ ಒಂದನ್ನು ಹೊಡೆದುಹಾಕಬಾರದು, ಯಾವುದು ಯಾತರ ವರ್ಷ ಎಂದು ಬಿಡಿಸಿ ಬರೆಯಬೇಕು.

ನಿಜವಾದ ಚರಿತ್ರೆ ಇರುವುದು ಇಗರ್ಜಿಯ ಜ್ಞಾನಸ್ನಾನ (ಬ್ಯಾಪ್ಟಿಸಂ), ಮದುವೆ, ಮರಣದ ಪುಸ್ತಕಗಳಲ್ಲಿ. ವಿಗಾರರ (ಇಗರ್ಜಿಯ ಮುಖ್ಯ ಪಾದ್ರಿಯ) ಅನುಮತಿ ಪಡೆದು ಬೇಸಿಗೆಯಲ್ಲೇ ತೆರೆಯಿರಿ. ಮಳೆಗಾಲದ ತೇವಕ್ಕೆ ಅಂಟಿದ ಹಾಳೆ ಬಿಡಿಸಿದರೆ ಅಕ್ಷರವೂ ಎದ್ದು ಬರುತ್ತದೆ. ಪುಸ್ತಕವನ್ನು ಪೂರ್ತಿ ಅಗಲಿಸದೆ ಎರಡೂ ರಟ್ಟಿನಡಿಗೆ ಮಡಿಸಿದ ಬಟ್ಟೆ ಕೊಟ್ಟು, ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಪುಟಪುಟವಾಗಿ ಫೋಟೊ ತೆಗೆದೆವು. ಖಾಲಿ ಪುಟವನ್ನೂ ಬಿಡಲಿಲ್ಲ. ಬಿಟ್ಟರೆ ಆಮೇಲೆ ಪುಟಸಂಖ್ಯೆ ತಾಳೆಯಾಗದು.

ಈ ಪುಸ್ತಕಗಳ ಲ್ಯಾಟಿನ್‌ಗೆ ಹೆದರಬೇಕಾಗಿಲ್ಲ. ನಾತುಸ್ ಎಂದರೆ ಹುಟ್ಟಿದ, ಓಬಿಯಿತ್ ಎಂದರೆ ತೀರಿಕೊಂಡ, ಸೆಪುಲ್ತುಸ್ ಎಂದರೆ ಹೂಳಲ್ಪಟ್ಟ. ಹತ್ತಿಪ್ಪತ್ತು ಪದ ಸಾಕು. ಎಡವಿಸುವುದು ತಿಂಗಳು. ‘7ಬ್ರಿಸ್’ ಜುಲೈ ಅಲ್ಲ, ಸೆಪ್ಟೆಂಬರ್. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ಮಾರ್ಚಿನಿಂದ ಎಣಿಸುತ್ತಿದ್ದ ಹಳೆಯ ರೋಮನ್ ಲೆಕ್ಕ ಅದು. ಆಗಸ್ಟ್ 30ರಂದು ಹುಟ್ಟಿದ ಮಗುವಿಗೆ ‘7ಬ್ರಿಸ್ 2’ರಂದು ಜ್ಞಾನಸ್ನಾನ ಎಂದಿದ್ದರೆ, ಜುಲೈ ಎಂದು ಓದಿದವರ ಪಟ್ಟಿಯಲ್ಲಿ ಮಗು ಹುಟ್ಟುವ ಮೊದಲೇ ಸ್ನಾನವಾಗಿರುತ್ತದೆ.

ಹೆಸರಿನದು ಇನ್ನೊಂದು ಗೋಜಲು. ಮನೆಯ ಜುವಾಂವ್ ಪುಸ್ತಕದಲ್ಲಿ ಜೊವಾನ್ನೆಸ್, ಇನಾಸ್ ಇಗ್ನಾತಿಯುಸ್. ಒಂದೇ ಪುಟದಲ್ಲಿ ಮೂರು ಜೊವಾನ್ನೆಸ್ ಡಿಸೋಜ ಬಂದರೆ ತಂದೆ, ತಾಯಿ, ಜ್ಞಾನ ತಂದೆತಾಯಿ (ಗಾಡ್‌ಪೇರೆಂಟ್ಸ್), ಮನೆಯ ಹೆಸರು ಕೂಡಿಸಿಯೇ ಬೇರ್ಪಡಿಸಬೇಕು. ನಮ್ಮ ಪಟ್ಟಿಯಲ್ಲಿ ಪುಸ್ತಕದಲ್ಲಿ ಬರೆದದ್ದಕ್ಕೆ ಒಂದು ಕಾಲಂ, ನಾವು ಓದಿಕೊಂಡದ್ದಕ್ಕೆ ಇನ್ನೊಂದು. ಇವೆರಡನ್ನು ಬೆರೆಸಿದರೆ ತಪ್ಪನ್ನು ಮತ್ತೆಂದೂ ಹಿಡಿಯಲಾಗದು. ಮನೆ ಹೆಸರು ಪುಸ್ತಕದಲ್ಲಿರುವುದು ಕಡಿಮೆ. ವಾಡೊದ (ಇಗರ್ಜಿಗೆ ಸೇರಿದ ಕೇರಿಯ) ಮುಖಂಡರಾದ ಗುರ್ಕಾರರನ್ನೂ ಹಿರಿಯ ಹೆಂಗಸರನ್ನೂ ಕೇಳಬೇಕು. 1908ರ ನಂತರ ಕೆಲಸ ಹಗುರ: ಮದುವೆಯ ವಿವರವನ್ನು ಜ್ಞಾನಸ್ನಾನದ ನಮೂದಿನ ಅಂಚಿನಲ್ಲೂ ಬರೆಯಬೇಕೆಂದು ಆಗ ನಿಯಮ ಬಂತು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳ ಸುಳಿವು ಸಿಗುವುದು ಆ ಅಂಚಿನಲ್ಲೇ.

ಮರಣದ ಪುಸ್ತಕವನ್ನು ತಿಂಗಳುವಾರು ಎಣಿಸಿ. 1918ರ ಕೊನೆಯ ತಿಂಗಳುಗಳನ್ನು ತಪ್ಪದೆ ನೋಡಿ, ಅದು ಇನ್‌ಫ್ಲುಯೆಂಜ ದೇಶವನ್ನೇ ಹೊಡೆದ ಕಾಲ.

ಮಾಡಿನ ಹಂಚೂ ಮೋಸ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಪಾದ್ರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನ ಹಂಚಿನ ಮೇಲಿನ 1865 ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಆ ಕಾರ್ಖಾನೆಯನ್ನು ಆಮೇಲೆ ವಹಿಸಿಕೊಂಡ ಕಾಮನ್‌ವೆಲ್ತ್ ಕಂಪನಿಯ ಮುದ್ರೆಯಿದ್ದರೆ ಅದು ಮೊದಲ ಮಹಾಯುದ್ಧದ ನಂತರದ ಹಂಚು.

ಉಪ್ಪುಗಾಳಿಗೆ ಸವೆದ ಗೋರಿಯ ಅಕ್ಷರಕ್ಕೆ ತಂತಿ ಬ್ರಷ್, ಆಸಿಡ್ ತಾಗಿಸಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿದಂತೆ ಪಕ್ಕದಿಂದ ಹಿಡಿದರೆ ತಗ್ಗಿನಲ್ಲಿ ನೆರಳು ನಿಂತು ಹೆಸರು ಕಾಣುತ್ತದೆ.

‘ಪಾತ್ರೆ ಇಗ್ನೊತೊ’, ತಂದೆ ಗೊತ್ತಿಲ್ಲ ಎಂಬ ನಮೂದುಗಳೂ ಸಿಗುತ್ತವೆ. ಅವನ್ನು ಎಣಿಕೆಯಲ್ಲಿ ಸೇರಿಸಿದೆವು, ಹೆಸರು ಅಚ್ಚು ಹಾಕಲಿಲ್ಲ. ಆ ಮನೆಗಳ ಮೊಮ್ಮಕ್ಕಳು ಇಂದಿಗೂ ಅದೇ ಇಗರ್ಜಿಗೆ ಪೂಜೆಗೆ ಬರುತ್ತಾರೆ.