ಮಾಗಡಿ ಕೆರೆಯಲ್ಲಿ ಹತ್ತು ಗಂಟೆಯವರೆಗೆ ಕುಳಿತಿರಿ

ಮೊಬೈಲಿನಲ್ಲಿ ಬರೀ ‘ಮಾಗಡಿ’ ಎಂದು ಹುಡುಕಬೇಡಿ. ಧಾರವಾಡದಲ್ಲಿರುವ ನನ್ನ ತಂಗಿಯ ಮಗ ಹಾಗೆ ಹುಡುಕಿ, ‘ಮಾವ, ಇದು ನಾನೂರು ಕಿಲೋಮೀಟರು ತೋರಿಸುತ್ತಿದೆ’ ಎಂದು ಗಾಬರಿಯಿಂದ ಫೋನ್ ಮಾಡಿದ್ದ. ಅದು ಬೆಂಗಳೂರಿನ ಆಚೆಯ ಮಾಗಡಿ. ನಮ್ಮ ಹಕ್ಕಿಗಳ ಕೆರೆಯ ಮಾಗಡಿ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನದು. ಗದಗಿನಿಂದ 26, ಶಿರಹಟ್ಟಿಯಿಂದ 8, ಲಕ್ಷ್ಮೇಶ್ವರದಿಂದ 11 ಕಿಲೋಮೀಟರು. ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವನಿಗೆ ಇಷ್ಟು ಬಾಯಿಪಾಠ ಇರಲೇಬೇಕಲ್ಲ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಹಕ್ಕಿಗಳಿರುತ್ತವೆ. ನನ್ನ ಆಯ್ಕೆ ಜನವರಿ. ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು: ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ.

ಮೊದಲ ವರ್ಷ ನಾನು ಆರು ಗಂಟೆಗೇ ಹೋಗಿ, ಖಾಲಿ ನೀರು ನೋಡಿ, ಏಳೂವರೆಗೆ ಬೈದುಕೊಂಡು ವಾಪಸು ಬಂದೆ. ತಪ್ಪು ನನ್ನದೇ. ಇವು ರಾತ್ರಿ ಹೊಲಗಳಲ್ಲಿ ಮೇಯುತ್ತವೆ, ಬೆಳಗ್ಗೆ ಕೆರೆಗೆ ಮರಳಿ ದಿನವಿಡೀ ನೀರಿನಲ್ಲಿ ವಿಶ್ರಮಿಸುತ್ತವೆ. ಹಾಗಾಗಿ ಏಳಕ್ಕೆ ತಲುಪಿ, ಸೂರ್ಯ ಬೆನ್ನಿಗಿರುವಂತೆ ಕುಳಿತು, ಹತ್ತರವರೆಗೆ ಏಳಬೇಡಿ. ಮೊದಲು ಸದ್ದು ಕೇಳುತ್ತದೆ, ಆಮೇಲೆ ಆಕಾಶದಲ್ಲಿ ಸಾಲು ಕಾಣುತ್ತದೆ. ಒಂದು ಸಾಲು ಇಳಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಬಸ್ಸಿನಲ್ಲಿ ತಲೆ ಎಣಿಸಿದಂತೆ ಎಣಿಸಲು ಹೋದರೆ ಸೋಲುತ್ತೀರಿ. ಐವತ್ತರ ಒಂದು ಗುಂಪನ್ನು ಎಣಿಸಿಕೊಂಡು, ಅಂಥ ಗುಂಪು ಎಷ್ಟಿವೆ ನೋಡಿ.

ಮಕ್ಕಳಿಗೆ ದುರ್ಬೀನು ಕೊಡುವ ಮೊದಲು ಒಂದು ಮಾತು ಕಲಿಸಿ: ಹಕ್ಕಿಯ ಮೇಲಿನ ಕಣ್ಣು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರಬೇಕು. ಇಲ್ಲದಿದ್ದರೆ ಬರೀ ಆಕಾಶ ಕಂಡು ಅಳುತ್ತಾರೆ. ಹೆಬ್ಬಾತಿನ ಕುತ್ತಿಗೆಯಲ್ಲಿ ಬಣ್ಣದ ಪಟ್ಟಿ, ಅಕ್ಷರ ಕಂಡರೆ ಬರೆದಿಟ್ಟುಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸಿ; ಹಕ್ಕಿಯ ಪಯಣ ತಿಳಿಯಲು ಮಂಗೋಲಿಯಾದಲ್ಲಿ ತೊಡಿಸಿದ ಪಟ್ಟಿಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಕಾಯುವಾಗ ಬೇಸರವಾದರೆ ನಾಮದ ಕೋಳಿ, ಮುಳುಗಿ ಏಳುವ ಗುಳುಮುಳಕ, ಬಣ್ಣದ ಕೊಕ್ಕರೆಗಳನ್ನು ಹುಡುಕಲಿ.

ಫೋಟೊಗಾಗಿ ಹಕ್ಕಿಗಳನ್ನು ಎಬ್ಬಿಸುವವರನ್ನು ಕಂಡರೆ ನನಗೆ ಇಂದಿಗೂ ಸೀಟಿ ಊದಬೇಕೆನಿಸುತ್ತದೆ. ಸುತ್ತಲಿನ ಹೊಲಕ್ಕೂ ಇಳಿಯಬೇಡಿ. ಹೆಬ್ಬಾತು ಮೇಯುವುದು ರೈತರ ಬೆಳೆಯನ್ನೇ; ಅತಿಥಿಯ ಊಟದ ಖರ್ಚು ಅವರ ತಲೆಗೆ, ನಾವು ಬಂದು ತುಳಿಯುವುದು ಬೇರೆ ಬೇಕೆ? 2024ರ ಜನವರಿಯಲ್ಲಿ ಈ ಕೆರೆ, ಕರಾವಳಿಯ ಅಘನಾಶಿನಿ ಅಳಿವೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರದ ಜೊತೆಗೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಆಮೇಲೆ ನೆಂಟರು ಕೇಳುವುದು ಹೆಚ್ಚಾಗಿದೆ: ‘ಅಲ್ಲಿ ದೋಣಿ ಇದೆಯೇ?’ ದೋಣಿ ಬೇಕಾದವರು ಬೇರೆ ಕಡೆ ಹೋಗಲಿ.

ಹತ್ತರ ನಂತರ ಹೆಬ್ಬಾತುಗಳು ರೆಕ್ಕೆಯಲ್ಲಿ ಕೊಕ್ಕು ಹುದುಗಿಸಿ ಮಲಗುತ್ತವೆ, ಮಕ್ಕಳು ಗಲಾಟೆ ಶುರು ಮಾಡುತ್ತಾರೆ. ಆಗ ಲಕ್ಷ್ಮೇಶ್ವರಕ್ಕೆ ಹೊರಡಿ, ಸೋಮೇಶ್ವರ ಗುಡಿ ನೋಡಿ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಅಲ್ಲಿಯವರೆಗೆ ಬಿಚ್ಚಬೇಡಿ.